ಅಸಲಿ ಅಕ್ರೋಟು ಬಟ್: ಮರಕ್ಕೆ ಪೂರ್ಣ ಅಂಕ, ವಾರ್ನಿಷ್‌ಗೆ ಸೊನ್ನೆ

ನಾನು ಕೊಂಡ ರೈಫಲ್ ಬಟ್‌ಗೆ, ಅಂದರೆ ಹೆಗಲಿಗೆ ಒತ್ತಿ ಹಿಡಿಯುವ ಹಿಂಬದಿಯ ಮರಕ್ಕೆ, ವಾರ್ನಿಷ್ ಬಳಿದವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಆದರೂ ಮರದಿಂದಲೇ ಶುರು ಮಾಡುತ್ತೇನೆ.

ನಮ್ಮ ಮನೆಯ .315 ರೈಫಲ್ ಪಶ್ಚಿಮ ಬಂಗಾಳದ ಈಶಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯದು, ಅಜ್ಜನಿಂದ ಬಂದದ್ದು. ಅದರ ಯಂತ್ರಭಾಗ ಸೇನೆಯ ಹಳೆಯ ಲೀ-ಎನ್‌ಫೀಲ್ಡ್ ಮಾದರಿಯದೇ. ಬಟ್ ಬಿರುಕು ಬಿಟ್ಟಾಗ ಕಾರ್ಕಳದ ಆಚಾರಿಯವರು ಹಲಸಿನಲ್ಲಿ ಕೆತ್ತಿ ಕೊಡಲು ತಯಾರಿದ್ದರು. ಖರ್ಚೂ ಅರ್ಧಕ್ಕರ್ಧ ಕಡಿಮೆ. ನನಗೆ ಮಾತ್ರ ಸೇನೆಯದೇ ಅಕ್ರೋಟು ಮರ ಬೇಕೆಂಬ ಹಠ. ಕೊನೆಗೆ ಪರ ಊರಿನ ಕೋವಿ ಅಂಗಡಿಯೊಂದು ಹಿಂತುದಿಯ ಹಿತ್ತಾಳೆ ತಟ್ಟೆ ಸಮೇತ ಒಂದನ್ನು ಕಳುಹಿಸಿತು. ಅಡಿಕೆ ಮಾರಿದ ವಾರವಾದ್ದರಿಂದ ಬೆಲೆಯ ಬಗ್ಗೆ ಚೌಕಾಸಿ ಮಾಡಲಿಲ್ಲ.

ಮರ ಅಸಲಿಯೇ. ಆದರೆ ಉಜ್ಜುಕಾಗದದಿಂದ ಚೆನ್ನಾಗಿ ತಿಕ್ಕಿ, ಮೇಲೆ ಕನ್ನಡಿಯಂತೆ ಹೊಳೆಯುವ ವಾರ್ನಿಷ್ ಹೊಡೆದಿದ್ದರು. ಸೇನೆಯ ಮರಕ್ಕೆ ಹಚ್ಚುತ್ತಿದ್ದುದು ಅಗಸೆ ಎಣ್ಣೆ. ಎಣ್ಣೆ ಮರದೊಳಗೆ ಇಳಿಯುತ್ತದೆ. ವಾರ್ನಿಷ್ ಮೇಲೆ ಪೊರೆಯಾಗಿ ಕೂರುತ್ತದೆ, ಪೊರೆ ಒಡೆದ ಕಡೆ ನುಗ್ಗಿದ ತೇವ ಹೊರಬರುವುದಿಲ್ಲ. ಅಂಗಡಿಯವರಿಗೆ ಕರಾವಳಿಯ ಮಳೆಗಾಲ ಗೊತ್ತಿಲ್ಲ ಎಂದು ಕಾಣುತ್ತದೆ.

2024ರ ಲೋಕಸಭಾ ಚುನಾವಣೆ ಅದನ್ನು ತೋರಿಸಿಕೊಟ್ಟಿತು. ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು, ಕೋವಿ ಠಾಣೆಗೆ ಹೋಯಿತು. ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗಿದರೂ ಸಂಹಿತೆ ಜೂನ್ 6ರವರೆಗೆ ಇತ್ತು. ಮರಳಿ ಪಡೆಯುವಾಗ ಮಳೆ ಹಿಡಿದಿತ್ತು. ಗೋಡೆಗೆ ಒರಗಿಸಿಟ್ಟಿದ್ದ ಬಟ್‌ನ ಮೇಲೆ ಬಿಳಿ ಕಲೆ, ಹಿತ್ತಾಳೆಗೆ ಕಿಲುಬು. ಬೆಳೆ ಕಾಯಲು ಪರವಾನಗಿ ಕೊಟ್ಟು, ಪ್ರತಿ ಚುನಾವಣೆಗೂ ಕೋವಿ ತಂದೊಪ್ಪಿಸಿ ಎನ್ನುವ ಕ್ರಮದ ಬಗ್ಗೆ ಬರೆದರೆ ಇದು ವಿಮರ್ಶೆಯಾಗಿ ಉಳಿಯುವುದಿಲ್ಲ.

ಬಣ್ಣ ತೆಗೆಯುವ ದ್ರಾವಣ ಹಚ್ಚಿ ವಾರ್ನಿಷ್ ಕಿತ್ತೆ. ಅಲ್ಲಿಂದ ಈ ಮರದ ಮೇಲೆ ಪ್ರೀತಿ ಹುಟ್ಟಿತು. ಅಡಿಯಲ್ಲಿ ಕಾಫಿ ಬಣ್ಣದ ಗೆರೆಗಳು, ಅರ್ಧ ಅಳಿಸಿದ ಪರಿಶೀಲಕರ ಮುದ್ರೆ, ಮೇಲ್ಭಾಗದಲ್ಲಿ ‘ಎಸ್’ ಅಕ್ಷರ. ಸಾಮಾನ್ಯ ಬಟ್‌ಗಿಂತ ಅರ್ಧ ಇಂಚು ಗಿಡ್ಡ ಎಂಬುದರ ಗುರುತು ಅದು. ಕುಳ್ಳನಾದ ನನ್ನ ಹೆಗಲಿಗೆ ಸರಿಯಾಗಿ ಕೂರುತ್ತದೆ. ಉಜ್ಜುಕಾಗದ ಇನ್ನೊಂದು ಸುತ್ತು ಓಡಿದ್ದರೆ ಆ ಅಕ್ಷರವೂ ಉಳಿಯುತ್ತಿರಲಿಲ್ಲ.

ಈಗ ಮಳೆಗಾಲದ ಭಾನುವಾರಗಳು ಇದಕ್ಕೇ ಮೀಸಲು. ಹಿತ್ತಾಳೆ ತಟ್ಟೆಯನ್ನು ಬಿಚ್ಚಿಯೇ ಹುಣಸೆಹಣ್ಣಿನಿಂದ ತಿಕ್ಕಬೇಕು, ಹುಳಿ ಉಕ್ಕಿಗೆ ತಾಗಬಾರದು. ಹೇಗೂ ತಟ್ಟೆ ಕಳಚಿರುವಾಗ ಉದ್ದನೆಯ ಸ್ಕ್ರೂಡ್ರೈವರ್ ತೂರಿಸಿ ಬಟ್ ಅನ್ನು ರೈಫಲ್‌ಗೆ ಹಿಡಿದಿಡುವ ಒಳಗಿನ ಬೋಲ್ಟ್ ಬಿಗಿಯಾಗಿದೆಯೇ ನೋಡುತ್ತೇನೆ; ಅದು ಸಡಿಲವಾದರೆ ಗುಂಡಿನ ಒದೆತಕ್ಕೆ ಮರ ಸೀಳುತ್ತದೆ. ಸೇನೆಯ ಹಳೆಯ ರೈಫಲ್ ಇರುವವರು ನಳಿಗೆಯ ಕೆಳಗಿನ ಮುಂಭಾಗದ ಮರವನ್ನು ಕಳಚದೆ ಈ ಬೋಲ್ಟ್ ತಿರುಗಿಸಬೇಡಿ. ಬೋಲ್ಟ್‌ನ ಚೌಕ ತುದಿ ಅದರೊಳಗೆ ಸಿಕ್ಕಿಕೊಂಡಿರುತ್ತದೆ, ಮರ ಒಡೆಯುತ್ತದೆ. ಆಮೇಲೆ ಅಂಗೈಯಲ್ಲಿ ನಾಲ್ಕು ಹನಿ ಅಗಸೆ ಎಣ್ಣೆ, ಕೈ ಬೆಚ್ಚಗಾಗುವವರೆಗೆ ತಿಕ್ಕುವುದು. ಜುಲೈನಲ್ಲಿ ಅದು ಬೇಗ ಒಣಗದೆ ಅಂಟಂಟಾಗುತ್ತದೆ, ಹಾಗಾಗಿ ಹೆಚ್ಚು ಹಾಕಬಾರದು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹಿಡಿಯುವುದುಂಟು, ಹರವಿ ಒಣಗಿಸಿ.

ಕೊಟ್ಟ ಹಣಕ್ಕೆ ಮೋಸವಿಲ್ಲ. ಮುಂದಿನ ಸಲ ಮಾತ್ರ ಮರವನ್ನು ತಿಕ್ಕದೆ, ಹಳೆಯ ಕೊಳೆ ಸಮೇತ ಕಳುಹಿಸಿ ಎಂದು ಅಂಗಡಿಗೆ ಫೋನ್ ಮಾಡಿದ್ದೆ. “ಹಾಗೆ ಕಳುಹಿಸಿದರೆ ಗಿರಾಕಿಗಳು ವಾಪಸ್ ಮಾಡುತ್ತಾರೆ ಸಾರ್” ಎಂದರು.