ಎಂಜಿಬಿ ರೋಡ್‌ಸ್ಟರ್ (1972): ಆರು ವರ್ಷಗಳ ಬಳಕೆಯ ನಂತರ

ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮ ಮನೆಯ ಗ್ಯಾರೇಜಿಗೆ ಎಂಜಿ ಕಂಪನಿಯ ಎರಡು ಸೀಟಿನ, ತೆರೆದ ಮೇಲ್ಭಾಗದ ಈ ಬ್ರಿಟಿಷ್ ಕಾರು ಬಂದು ಆರು ವರ್ಷಗಳಾದವು. ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಮಾದರಿಯ ಅಂಕಿಅಂಶಗಳು ಎಲ್ಲೆಡೆ ಸಿಗುತ್ತವೆ. ಹಾಗಾಗಿ ಅವನ್ನು ಬಿಟ್ಟು, ಇದನ್ನು ಮಾರದೆ ಉಳಿಸಿಕೊಂಡಿರುವ ಕಾರಣವನ್ನೇ ಮೊದಲು ಹೇಳುತ್ತೇನೆ: ಅದು ಇದರ ಜೋಡಿ ಎಸ್‌ಯು ಕಾರ್ಬ್ಯುರೇಟರ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಎಸ್‌ಯು ಕಂಪನಿಯ ಎರಡು ಸಾಧನಗಳು.

ತಿಂಗಳಿಗೊಂದು ಭಾನುವಾರ ಬೆಳಿಗ್ಗೆ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಏರ್ ಫಿಲ್ಟರ್‌ಗಳನ್ನು ಬಿಚ್ಚಿ, ಎರಡು ಕಾರ್ಬ್ಯುರೇಟರ್‌ಗಳನ್ನು ಜೋಡಿಸುವ ಕೊಂಡಿಯನ್ನು ಸಡಿಲಿಸಿ, ಮೊಳದುದ್ದದ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬ್ಯುರೇಟರಿನ ಬಾಯಿಗೂ ಹಿಡಿದು, ಗಾಳಿ ಒಳಸೇರುವ ಸುಯ್ಯೆಂಬ ಸದ್ದು ಎರಡರಲ್ಲೂ ಒಂದೇ ಶ್ರುತಿಗೆ ಬರುವವರೆಗೆ ಸ್ಕ್ರೂಗಳನ್ನು ತಿರುಗಿಸುತ್ತೇನೆ. ಆಮೇಲೆ ಮಿಶ್ರಣದ ಪರೀಕ್ಷೆ. ಕಾರ್ಬ್ಯುರೇಟರಿನೊಳಗಿನ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿದಾಗ ಎಂಜಿನ್ನಿನ ವೇಗ ಕ್ಷಣಮಾತ್ರ ಏರಿ ಮೊದಲಿನಂತಾದರೆ ಎಲ್ಲವೂ ಸರಿ. ಏರಿದ್ದು ಹಾಗೆಯೇ ನಿಂತರೆ ಪೆಟ್ರೋಲ್ ಹೆಚ್ಚು, ಎಂಜಿನ್ ಕುಂಟಿದರೆ ಕಡಿಮೆ. ಸರಿಪಡಿಸಲು ಕಾರ್ಬ್ಯುರೇಟರಿನ ಕೆಳಗಿನ ನಟ್ಟಿನ ಆರು ಮುಖಗಳಲ್ಲಿ ಒಂದು ಸಲಕ್ಕೆ ಒಂದೇ ಮುಖದಷ್ಟು ತಿರುಗಿಸಬೇಕು, ಆತುರ ಸಲ್ಲದು. ಕೊನೆಗೆ ಮೇಲಿನ ಬಿರಡೆ ತೆಗೆದು ಪಿಸ್ಟನ್ನಿನ ಚಲನೆಯನ್ನು ತಡೆದು ನಿಧಾನಿಸುವ ಡ್ಯಾಶ್‌ಪಾಟಿಗೆ ಕೆಲವು ಹನಿ ಎಣ್ಣೆ ಬಿಡುತ್ತೇನೆ. ಒಟ್ಟು ನಲವತ್ತು ನಿಮಿಷಗಳ ಈ ಕೆಲಸ ನನಗೆ ಕೊಡುವ ಸಂತೋಷವನ್ನು ಸವಾರಿಯೂ ಕೊಟ್ಟಿಲ್ಲ. ಹಾಸನದಲ್ಲಿ ನಮ್ಮ ತಂದೆಯವರು ಓಡಿಸುತ್ತಿದ್ದ ಅಂಬಾಸಿಡರಿನ 1489 ಸಿಸಿ ಎಂಜಿನ್ನೂ ಇದರ 1798 ಸಿಸಿ ಎಂಜಿನ್ನೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಒಂದೇ ಬಿ ಸರಣಿಯವು. ಆದ್ದರಿಂದಲೇ ಮೊದಲ ಬಾರಿ ಬಾನೆಟ್ ಎತ್ತಿದಾಗ ಎಲ್ಲವೂ ಪರಿಚಿತವೆನಿಸಿತ್ತು.

ನನಗೆ ಬೇಸರ ತಂದಿರುವುದು ಕಾರಲ್ಲ, ಇಂದು ಸಿಗುವ ಕೆಲವು ಹೊಸ ಬಿಡಿಭಾಗಗಳು. ಮೂರನೆಯ ವರ್ಷ ಬರ್‌ಫರ್ಡ್ ಹತ್ತಿರ ಎಂಜಿನ್ ಇದ್ದಕ್ಕಿದ್ದಂತೆ ನಿಂತುಹೋಯಿತು. ನಾನು ಕಾರ್ಬ್ಯುರೇಟರ್‌ಗಳನ್ನೇ ಶಂಕಿಸಿ, ಮಳೆಯಲ್ಲಿ ಎರಡು ಗಂಟೆ ಅವುಗಳಿಗೆ ಪೆಟ್ರೋಲ್ ತುಂಬಿಟ್ಟುಕೊಳ್ಳುವ ಫ್ಲೋಟ್ ಚೇಂಬರ್‌ಗಳನ್ನು ಬಿಚ್ಚಿ ಜೋಡಿಸಿದೆ. ತಪ್ಪು ಅವುಗಳದ್ದಾಗಿರಲಿಲ್ಲ. ಪ್ಲಗ್ಗುಗಳಿಗೆ ಸರದಿಯಂತೆ ವಿದ್ಯುತ್ತು ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ ಎರಡು ತಿಂಗಳ ಹಿಂದೆಯಷ್ಟೇ ಹಾಕಿದ್ದ, ತಿರುಗುವ ತುಂಡಾದ ರೋಟರ್ ಒಳಗೊಳಗೇ ಸುಟ್ಟಿತ್ತು. ಹಿತ್ತಾಳೆಯ ಪಟ್ಟಿಯನ್ನು ಹಿಡಿದಿಡುವ ರಿವೆಟ್ಟಿನ ಮೂಲಕ ವಿದ್ಯುತ್ತು ಪ್ಲಾಸ್ಟಿಕ್ಕನ್ನು ಭೇದಿಸಿ ನಡುವಿನ ದಂಡಕ್ಕೆ ಹರಿದರೆ ಪ್ಲಗ್ಗುಗಳಿಗೆ ಕಿಡಿಯೇ ತಲುಪುವುದಿಲ್ಲ. ಕೆಲವೇ ಪೌಂಡುಗಳ ಈ ವಸ್ತುವನ್ನು ಇಷ್ಟು ಅಸಡ್ಡೆಯಿಂದ ತಯಾರಿಸಿ ಮಾರುವುದು ಗ್ರಾಹಕನಿಗೆ ಬಗೆವ ದ್ರೋಹವೆಂದೇ ನಾನು ಭಾವಿಸುತ್ತೇನೆ. ಈಗ ರಿವೆಟ್ ಇಲ್ಲದ ರೋಟರನ್ನು ಬಳಸುತ್ತೇನೆ, ಡಿಕ್ಕಿಯಲ್ಲಿ ಇನ್ನೊಂದನ್ನು ಇಟ್ಟಿರುತ್ತೇನೆ.

ನಾನು ಮಾಡಿಕೊಂಡ ಬದಲಾವಣೆಗಳು ಕಡಿಮೆ. ಸೀಟುಗಳ ಹಿಂದಿದ್ದ ಎರಡು 6 ವೋಲ್ಟ್ ಬ್ಯಾಟರಿಗಳ ಬದಲು ಒಂದೇ 12 ವೋಲ್ಟ್ ಬ್ಯಾಟರಿ ಕೂರಿಸಿದೆ. 2021ರ ಸೆಪ್ಟೆಂಬರಿನಲ್ಲಿ ಶೇ. 10ರವರೆಗೆ ಎಥನಾಲ್ ಬೆರೆತ ಪೆಟ್ರೋಲ್ ಇಲ್ಲಿ ಸಾಮಾನ್ಯ ಇಂಧನವಾದ ಮೇಲೆ, ಹಳೆಯ ರಬ್ಬರನ್ನು ಅದು ತಿನ್ನುವ ಕಾರಣ, ಇಂಧನದ ಪೈಪುಗಳೆಲ್ಲವನ್ನೂ ಬದಲಿಸಿದೆ.

ನಲವತ್ತು ವರ್ಷ ದಾಟಿದ ಕಾರಾದ್ದರಿಂದ ರಸ್ತೆ ತೆರಿಗೆ ಇಲ್ಲ, ಸ್ಪಾನರ್ ಹಿಡಿಯಬಲ್ಲವರಿಗೆ ವಾರ್ಷಿಕ ಖರ್ಚೂ ಹೊರೆಯಲ್ಲ. ಕೊಳ್ಳುವವರು ಮಾತ್ರ ಎಂಜಿನ್ನಿಗಿಂತ ಮೊದಲು ಬಾಗಿಲ ಕೆಳಗಿನ ಸಿಲ್‌ಗಳನ್ನು ಬಗ್ಗಿ ನೋಡಬೇಕು. ನನ್ನ ಕಾರಿನ ಎಡಬದಿಯ ಸಿಲ್ ಒಳಗಿನಿಂದ ತುಕ್ಕು ಹಿಡಿದಿದೆ. ವೆಲ್ಡಿಂಗ್ ನನಗೆ ಬಾರದು. ಈ ಚಳಿಗಾಲದಲ್ಲಿ ಅದನ್ನು ಬಲ್ಲವರಿಗೆ ಒಪ್ಪಿಸಲು ಹಣ ಕೂಡಿಡುತ್ತಿದ್ದೇನೆ.