ಆನ್‌ಫೀಲ್ಡ್ ಪಂದ್ಯಕ್ಕೆ ಸದಸ್ಯತ್ವವೋ, ಹಾಸ್ಪಿಟಾಲಿಟಿ ಟಿಕೆಟ್ಟೋ?

ಇಂಗ್ಲೆಂಡಿನ ಲಿವರ್‌ಪೂಲ್ ಫುಟ್ಬಾಲ್ ಕ್ಲಬ್ಬಿನ ಪಂದ್ಯವನ್ನು ಅದರ ತವರು ಮೈದಾನ ಆನ್‌ಫೀಲ್ಡ್‌ನಲ್ಲಿ ನೋಡಲು ಭಾರತದಿಂದ ಹೊರಟವರಿಗೆ ನಂಬಬಹುದಾದ ದಾರಿಗಳು ಮುಖ್ಯವಾಗಿ ಎರಡು. ಕ್ಲಬ್ ಸದಸ್ಯತ್ವ ಅಗ್ಗ. ಆದರೆ ಅದು ಟಿಕೆಟ್ ಅಲ್ಲ, ಲಾಟರಿಯಲ್ಲಿ ಹೆಸರು ಹಾಕುವ ಹಕ್ಕು ಅಷ್ಟೇ. ಸುಮಾರು 61,000 ಆಸನಗಳಿದ್ದರೂ ದೊಡ್ಡ ಪಾಲು ಸೀಸನ್ ಟಿಕೆಟ್ (ಇಡೀ ಋತುವಿನ ಟಿಕೆಟ್) ಉಳ್ಳವರದು. ನಾಲ್ವರು ಹೋಗುವುದಾದರೆ ನಾಲ್ಕು ಸದಸ್ಯತ್ವ ಬೇಕು.

ಎರಡನೆಯದು ಹಾಸ್ಪಿಟಾಲಿಟಿ ಟಿಕೆಟ್, ಅಂದರೆ ಆಸನದ ಜೊತೆ ಊಟ ಅಥವಾ ಲೌಂಜ್‌ನಂಥ ಸೌಲಭ್ಯ ಸೇರಿದ್ದು. ಇದಕ್ಕೆ ಹಲವು ಪಟ್ಟು ಬೆಲೆ. ಆದರೆ ಆಸನ ಖಾತ್ರಿ. ಒಮ್ಮೆಯಷ್ಟೇ ಹೋಗುವವರು ಇದನ್ನೇ ಕೊಳ್ಳಲಿ. ವಿಮಾನ, ವೀಸಾ, ಹೋಟೆಲಿಗೆ ಖರ್ಚು ಮಾಡಿ ಲಾಟರಿಯಲ್ಲಿ ಹೆಸರು ಬಾರದಿದ್ದರೆ ಆಗುವ ನಷ್ಟ ಇದಕ್ಕಿಂತ ದೊಡ್ಡದು. ಓದಲು ಒಂದೆರಡು ವರ್ಷ ಇಂಗ್ಲೆಂಡಿನಲ್ಲೇ ಇರುವವರಿಗೆ ಸದಸ್ಯತ್ವ ವಾಸಿ, ಒಂದು ಪಂದ್ಯ ತಪ್ಪಿದರೆ ಇನ್ನೊಂದಕ್ಕೆ ಪ್ರಯತ್ನಿಸಬಹುದು.

ಎರಡರಲ್ಲೂ ಒಂದು ತೊಡಕಿದೆ. ಜೂನ್‌ನಲ್ಲಿ ಬರುವ ವೇಳಾಪಟ್ಟಿಯಲ್ಲಿ ಶನಿವಾರ ಎಂದಿದ್ದರೂ ಟಿವಿ ಪ್ರಸಾರಕ್ಕಾಗಿ ಪಂದ್ಯ ಭಾನುವಾರಕ್ಕೋ ಸೋಮವಾರಕ್ಕೋ ಸರಿಯಬಹುದು. ಗುರುವಾರ ತಲುಪಿ ಮಂಗಳವಾರ ಹೊರಡುವಂತೆ ವಿಮಾನ ಬುಕ್ ಮಾಡಿ. ವಿಸಿಟರ್ ವೀಸಾಗೆ ಪ್ರಯಾಣಕ್ಕೆ 3 ತಿಂಗಳಿರುವಾಗಲೇ ಅರ್ಜಿ ಹಾಕಬಹುದು.

ಬ್ಲ್ಯಾಕ್ ಟಿಕೆಟ್ ಬೇಡವೇ ಬೇಡ. ಅನುಮತಿಯಿಲ್ಲದೆ ಫುಟ್ಬಾಲ್ ಟಿಕೆಟ್ ಮಾರುವುದು ಅಲ್ಲಿ 1994ರ ಕಾಯ್ದೆಯಡಿ ಅಪರಾಧ. ಕ್ಲಬ್ ಅದನ್ನು ರದ್ದು ಮಾಡಿದರೆ ಗೇಟಿನಲ್ಲೇ ನಿಲ್ಲಬೇಕಾಗುತ್ತದೆ.