10ರ ಜಾಗಕ್ಕೆ 30ರ ಫ್ಯೂಸ್ ಹಾಕಿಸಿಕೊಂಡು ಘಾಟಿ ಇಳಿದೆ

ಕಾರಿನ ಫ್ಯೂಸ್ ಹಾಕಿದ ಹಾಗೆ ಸುಡುತ್ತಿದ್ದರೆ "ದೊಡ್ಡದು ಹಾಕಿ ಬಿಡೋಣ ಸಾರ್" ಅನ್ನುವವರು ಸಿಗುತ್ತಾರೆ. ಒಪ್ಪಬೇಡಿ. ನಾನು ಒಪ್ಪಿದ್ದೆ.

ಜುಲೈ ತಿಂಗಳು. ಹಾಸನದಿಂದ ಮಂಗಳೂರಿಗೆ ಹೊರಟಿದ್ದೆವು. ಸಕಲೇಶಪುರ ಇನ್ನೇನು ಬಂತು ಅನ್ನುವಾಗ ಟ್ರಾಕ್ಷನ್ ಕಂಟ್ರೋಲ್ (ಚಕ್ರ ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ) ದೀಪ ಹತ್ತಿಕೊಂಡಿತು. ಅದೇ, ಕಾರಿನ ಕೆಳಗೆ ಎರಡು ಅಂಕುಡೊಂಕು ಗೆರೆ ಇರುವ ಹಳದಿ ಚಿತ್ರ. ಚಕ್ರ ಜಾರಿದಾಗ ಮಿನುಗಿದರೆ ಅದು ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ನನ್ನದು ಮಿನುಗಲಿಲ್ಲ, ಉರಿಯುತ್ತಲೇ ಇತ್ತು. ಮಳೆ ಬೇರೆ, ಮುಂದೆ ಶಿರಾಡಿ ಘಾಟಿ. ಕಣ್ಣಿಗೆ ಬಿದ್ದ ಮೊದಲ ಗ್ಯಾರೇಜಿಗೆ ನುಗ್ಗಿಸಿದೆ.

ಅಲ್ಲಿದ್ದ ಹುಡುಗ ಚುರುಕಾಗಿದ್ದ. ಸ್ಟಿಯರಿಂಗ್ ಕೆಳಗಿನ ಫ್ಯೂಸ್ ಬಾಕ್ಸ್ ತೆಗೆದು ಐದೇ ನಿಮಿಷದಲ್ಲಿ ಸುಟ್ಟಿದ್ದನ್ನು ಹಿಡಿದ. ಕೆಂಪು, 10 ಆಂಪಿಯರ್, ಬ್ರೇಕ್ ಲೈಟಿನದು. ಹೊಸದು ಹಾಕಿದ. ಬ್ರೇಕ್ ತುಳಿದೆ, ಅದೂ ಹೋಯಿತು. ನಾವಿಬ್ಬರೂ ಇಲ್ಲೇ ನಿಲ್ಲಬೇಕಿತ್ತು. ಅವನು ಡಬ್ಬಿ ತಡಕಾಡಿ ಹಸಿರು ಒಂದನ್ನು ತೆಗೆದು ಒತ್ತಿದ. 30 ಆಂಪಿಯರ್. ಗಾಡಿ ಸ್ಟಾರ್ಟ್ ಮಾಡಿದರೆ ದೀಪ ಇಲ್ಲ! ನೂರು ರೂಪಾಯಿ ಕೊಟ್ಟು ಖುಷಿಯಾಗಿ ಹೊರಟೆ.

ಘಾಟಿ ಇಳಿಯುವಾಗ ಬ್ರೇಕ್ ಮೇಲಿಂದ ಕಾಲು ತೆಗೆಯುವುದೆಲ್ಲಿ? ಗುಂಡ್ಯ ಹತ್ತಿರ ಬರುವಾಗ ಹೆಂಡತಿ "ರೀ, ಏನೋ ಸುಟ್ಟ ವಾಸನೆ" ಅಂದಳು. ಮುಂದಿನ ಲಾರಿ ಬ್ರೇಕಿನದು ಅಂದೆ. ಘಾಟಿಯಲ್ಲಿ ಎಲ್ಲ ವಾಸನೆಗೂ ಲಾರಿಯೇ ಕಾರಣ, ಅಲ್ವಾ? ಎರಡು ತಿರುವು ದಾಟುವಷ್ಟರಲ್ಲಿ ಡ್ಯಾಶ್‌ಬೋರ್ಡ್ ಕೆಳಗಿಂದ ಹೊಗೆ. ಪಕ್ಕಕ್ಕೆ ಹಾಕಿ, ಮಕ್ಕಳನ್ನು ಇಳಿಸಿ, ಸುರಿಯುವ ಮಳೆಯಲ್ಲೇ ಬಾನೆಟ್ ಎತ್ತಿ ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. 10ರ ಸ್ಪ್ಯಾನರ್ ಗಾಡಿಯಲ್ಲಿತ್ತು, ಪುಣ್ಯ.

ಮಂಗಳೂರಿನ ಎಲೆಕ್ಟ್ರಿಷಿಯನ್ ಒಬ್ಬರು ಮೂಲ ತೋರಿಸಿದರು. ಡಿಕ್ಕಿ ತೆಗೆದು ಮುಚ್ಚಿ, ತೆಗೆದು ಮುಚ್ಚಿ, ಅದರ ಕೀಲಿನ ಹತ್ತಿರ ಮೇಲಿನ ಬ್ರೇಕ್ ಲೈಟಿನ ವೈರ್ ಸಿಪ್ಪೆ ಬಿರಿದು ಗಾಡಿಯ ಲೋಹದ ಮೈಗೆ ತಾಗುತ್ತಿತ್ತು. ಬ್ರೇಕ್ ತುಳಿದಾಗಲೆಲ್ಲ ಶಾರ್ಟ್. ನನ್ನ ಗಾಡಿಯಲ್ಲಿ ಬ್ರೇಕ್ ತುಳಿದ ಸುದ್ದಿ ಟ್ರಾಕ್ಷನ್ ಕಂಟ್ರೋಲಿಗೂ ಅದೇ ಲೈನಿನಿಂದ ಹೋಗುತ್ತದಂತೆ. ಸುದ್ದಿ ನಿಂತಿತು, ದೀಪ ಹತ್ತಿತು, ಅಷ್ಟೇ. ಫ್ಯೂಸ್ ಇರುವುದು ಕರೆಂಟ್ ಮಿತಿ ಮೀರಿದರೆ ತಾನು ಸುಟ್ಟು ವೈರನ್ನು ಕಾಯುವುದಕ್ಕೆ. 10 ಆಂಪಿಯರ್ ಲೆಕ್ಕಕ್ಕೆ ಎಳೆದ ಸಣ್ಣ ವೈರಿನಲ್ಲಿ 20 ಹರಿದರೂ 30ರ ಫ್ಯೂಸ್ ಸುಮ್ನೆ ಕೂತಿರುತ್ತದೆ. ವೈರ್ ಕರಗಿ ಪಕ್ಕದವನ್ನೂ ಅಂಟಿಸಿಕೊಂಡಿತ್ತು. ಹಸಿರು ಫ್ಯೂಸ್ ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು. ಒಂದು ಗೇಣು ವೈರಿನಲ್ಲಿ ಮುಗಿಯುವ ಕೆಲಸಕ್ಕೆ ಹದಿನೆಂಟು ಸಾವಿರ ರೂಪಾಯಿ, ನಾಲ್ಕು ದಿನ.

ನಿಮಗೆ ಈ ದೀಪ ಹತ್ತಿದರೆ ಮೊದಲು ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ಲೈಟ್ ನೋಡಿಸಿ. ಅದು ಬರದಿದ್ದರೆ ಅರ್ಧ ಉತ್ತರ ಸಿಕ್ಕಿತು. ಸುಟ್ಟ ಫ್ಯೂಸಿನ ಜಾಗಕ್ಕೆ ಅದೇ ನಂಬರಿನದು, ಒಂದೇ ಸಲ. ಮತ್ತೆ ಸುಟ್ಟರೆ ಫ್ಯೂಸ್ ಬಿಟ್ಟು ವೈರ್ ಹುಡುಕಿಸಿ, ಡಿಕ್ಕಿಯ ಕೀಲಿನಿಂದಲೇ ಶುರು ಮಾಡಿಸಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿ ಕೊಡುವವರೂ ಇದ್ದಾರೆ, ಅದಂತೂ ಬೇಡವೇ ಬೇಡ. ಫ್ಯೂಸ್‌ಗಳೆಲ್ಲ ಸರಿ ಇದ್ದು ಎಬಿಎಸ್ (ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪವೂ ಜೊತೆಗೆ ಹತ್ತಿದ್ದರೆ ಚಕ್ರದ ಸ್ಪೀಡ್ ಸೆನ್ಸರ್ ಕಡೆ ನೋಡಿಸಬೇಕು. ಅದಕ್ಕೆ ಎಬಿಎಸ್ ಓದುವ ಸ್ಕ್ಯಾನರ್ ಇದೆಯಾ ಅಂತ ಕೇಳಿಯೇ ಗಾಡಿ ಒಳಗೆ ಬಿಡಿ. ಅಗ್ಗದ ಸ್ಕ್ಯಾನರ್‌ಗಳಲ್ಲಿ ಹೆಚ್ಚಿನವು ಇಂಜಿನ್ ದೋಷದ ಕೋಡ್ ಮಾತ್ರ ಓದುತ್ತವೆ.